ಯೂಲಾಂಚರ್‌ಗೆ ಫೈಲ್ ಟ್ಯಾಗ್ ಪ್ಲಗಿನ್: ಕನ್ನಡ ಟ್ಯಾಗ್ ಅರ್ಧಕ್ಕೇ ಕತ್ತರಿಸ್ತದ, ಯಾಕ?

ಶಹಾಬಾದ್_ಕಲ್ಲು, ಕಲಬುರಗಿ

ನಮಸ್ಕಾರ್ರಿ ಎಲ್ಲರಿಗೂ. ಉಬುಂಟು 22.04, ಯೂಲಾಂಚರ್ 5 (ಹೆಸರು ಟೈಪ್ ಮಾಡಿ ಪ್ರೋಗ್ರಾಮ್, ಫೈಲ್ ತೆರೆಯೋ ಲಾಂಚರ್), ಪೈಥಾನ್. ಡಿಟಿಪಿ ಅಂಗಡಿ ಕಂಪ್ಯೂಟರಿಗೆ ಒಂದು ಟ್ಯಾಗ್ ಪ್ಲಗಿನ್ ಬರೀಲಾಕತ್ತೀನಿ. ಪಹಣಿ, ಮ್ಯುಟೇಶನ್, ಲಗ್ನಪತ್ರಿಕೆ, ಅಡತಿ ಪಟ್ಟಿ ಎಲ್ಲಾ ಕೂಡಿ ಸುಮಾರು 14 ಸಾವಿರ ಫೈಲ್ ಅವ. ಹೆಸರು ನೋಡಿದ್ರ 'ಸ್ಕ್ಯಾನ್0231', 'ಹೊಸದು ಕೊನೇದು 2' ಹಿಂಗ. ಒಳಗಿನ ಬರಹ ಹುಡುಕೋಣಂದ್ರ ಅರ್ಧಕ್ಕರ್ಧ ಹಳೇ ನುಡಿ ಫಾಂಟಿನ್ಯಾಗ ಅದ, ಯೂನಿಕೋಡ್ ಅಲ್ಲ, ಸಿಗಂಗಿಲ್ಲ. 'ಸರ್ವೆ 112/2' ಅಂತ ಫೈಲಿಗೆ ಹೆಸರಿಡಲಿಕ್ಕೂ ಬರಂಗಿಲ್ಲ, ಓರೆಗೆರೆ ಫೈಲ್ ಹೆಸರಿನ್ಯಾಗ ನಡೆಯಂಗಿಲ್ಲ. ಅದಕ್ಕ ಟ್ಯಾಗೇ ದಾರಿ ಅಂತ ಕುಂತೀನಿ.

ಲಾಂಚರ್ ತೆಗೆದು ಟಿಜಿ (ಪ್ಲಗಿನ್ ಕರೆಯೋ ಕೀವರ್ಡ್) ಅಂತ ಹೊಡೆದು, ಹ್ಯಾಶ್ ಹಾಕಿ ಟ್ಯಾಗ್ ಬರೆದ್ರ ಫೈಲ್ ಪಟ್ಟಿ ಬರಬೇಕು. ಟೈಪ್ ಮಾಡಿದ್ದರಿಂದ ಟ್ಯಾಗ್ ತೆಗೀಲಿಕ್ಕ ರೆಜೆಕ್ಸ್ (ಬರಹದಾಗ ಮಾದರಿ ಹುಡುಕೋ ಸೂತ್ರ) ಬಳಸೀನಿ: ಹ್ಯಾಶ್, ಅದರ ಮುಂದ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಪ್ಲಸ್. ಇಲ್ಲಿ ಕೋಡ್ ಅಂಟಿಸಿದ್ರ ಸಾಲಿನ ಜಾಗ ಎಲ್ಲಾ ಕೆಡ್ತದ, ಅದಕ್ಕ ಮಾತಿನ್ಯಾಗೇ ಬರೆದೀನಿ. ಇಂಗ್ಲಿಷ್ ಟ್ಯಾಗ್ ಚೊಲೊ ನಡೀತಾವ. ಕನ್ನಡದಾಗ ಹಿಂಗ ಆಗ್ಲಾಕತ್ತದ:

#ಪಹಣಿ ಕೊಟ್ರ ಕೈಗೆ ಬರೋದು 'ಪಹಣ'
#ಕಲಬುರಗಿ ಕೊಟ್ರ 'ಕಲಬ'
#ತೊಗರಿ ಕೊಟ್ರ ಬರೇ 'ತ'
#ನಗರ ಕೊಟ್ರ 'ನಗರ', ಪೂರ್ತಿ!

ಎಲ್ಲಕ್ಕಿಂತ ವಿಚಿತ್ರ ಅಂದ್ರ ಆಳಂದ. ಹಳೇ ಪಟ್ಟಿಯಿಂದ ಕಾಪಿ ಮಾಡಿ ಹಾಕಿದ್ರ ಪೂರ್ತಿ ಬರ್ತದ. ಕೈಲೆ ಟೈಪ್ ಮಾಡಿದ್ರ 'ಆಳ' ಅಷ್ಟೇ. ಕಣ್ಣಿಗೆ ಎರಡೂ ಒಂದೇ ಕಾಣ್ತಾವ.

ಇನ್ನ ಮೂರು ತಕರಾರು ಅವ. ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 (ಡೇಟಾಬೇಸಿನ್ಯಾಗ ಪದ ಹುಡುಕೋ ಸೌಲಭ್ಯ) ಟೇಬಲ್ ಮಾಡೀನಿ, ಅದರಾಗ 'ಬೇಳೆ' ಹುಡುಕಿದ್ರ 'ಬಾಳೆ' ಫೈಲೂ ಬರ್ತಾವ. ಫೋಲ್ಡರ್ ಹೆಸರು ಬದಲಿ ಮಾಡಿದ್ರ ಟ್ಯಾಗ್ ಎಲ್ಲಾ ಹೋಗ್ತಾವ, ಯಾಕಂದ್ರ ದಾರಿ ಹೆಸರಿಗೇ (ಫೋಲ್ಡರ್ ಸಮೇತ ಫೈಲಿನ ವಿಳಾಸ) ಟ್ಯಾಗ್ ಕಟ್ಟೀನಿ. ಮತ್ತ ಬರೇ ಟಿಜಿ ಹೊಡೆದು ಸ್ಪೇಸ್ ಕೊಟ್ರ ಏನೂ ತೋರಸಂಗಿಲ್ಲ. ತಿಳಿದವರು ಹೇಳ್ರಿ.

ಬಿದ್ರಿಕೆಲಸ, ಬೀದರ್

ಉತ್ತರ ನಿಮ್ಮ ಉದಾಹರಣೆಗಳಲ್ಲೇ ಇದೆ ಸರ್. 'ನಗರ' ಪದದಲ್ಲಿ ಕಾಗುಣಿತದ ಚಿಹ್ನೆ ಒಂದೂ ಇಲ್ಲ, ಅದಕ್ಕೇ ಪೂರ್ತಿ ಬಂತು. 'ಪಹಣಿ'ಯಲ್ಲಿ ಗುಡಿಸು ಬಂದ ಜಾಗಕ್ಕೆ ತುಂಡಾಯಿತು, 'ಕಲಬುರಗಿ'ಯಲ್ಲಿ ಕೊಂಬು ಬಂದ ಜಾಗಕ್ಕೆ, 'ತೊಗರಿ'ಯಲ್ಲಿ ಮೊದಲ ಅಕ್ಷರಕ್ಕೇ ಒತ್ವ. ಪೈಥಾನ್‌ನ ರೆಜೆಕ್ಸ್‌ಗೆ ಡಬ್ಲ್ಯೂ ಎಂದರೆ ಯೂನಿಕೋಡ್ ಪಟ್ಟಿಯ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ. ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಹಲಂತ ಇವು ಅಕ್ಷರದ ವರ್ಗದಲ್ಲಿಲ್ಲ, ಮಾರ್ಕ್ ಅನ್ನುವ ಬೇರೆ ವರ್ಗದಲ್ಲಿವೆ. ಹಾಗಾಗಿ ಅಲ್ಲಿಗೆ ಪದ ಮುಗಿಯಿತು ಅಂದುಕೊಂಡು ನಿಲ್ಲುತ್ತದೆ. ಪದದ ಗಡಿ ಗುರುತಿಸುವ ಬ್ಯಾಕ್‌ಸ್ಲ್ಯಾಶ್ ಬಿ ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ, ಕನ್ನಡಕ್ಕೆ ಅದನ್ನೂ ನಂಬಬೇಡಿ.

ಡಬ್ಲ್ಯೂ ತೆಗೆದು ಹೀಗೆ ಹಾಕಿ:

#([^ #,]+)

ಖಾಲಿ ಜಾಗ, ಹ್ಯಾಶ್, ಅಲ್ಪವಿರಾಮ ಇವು ಮೂರು ಬಿಟ್ಟು ಉಳಿದದ್ದೆಲ್ಲ ಟ್ಯಾಗ್. ಅಲ್ಪವಿರಾಮ ಯಾಕೆ ಬೇಡ ಅನ್ನುವುದು ಟ್ಯಾಗ್ ಎಲ್ಲಿ ಇಡುತ್ತೀರಿ ಅನ್ನುವಲ್ಲಿ ಗೊತ್ತಾಗುತ್ತದೆ. '112/2' ಕೂಡ ಇದರಲ್ಲಿ ಸಲೀಸಾಗಿ ಹೋಗುತ್ತದೆ. ರೆಜೆಕ್ಸ್ ಅನ್ನುವ ಹೆಸರಿನದೇ ಒಂದು ಹೊರಗಿನ ಲೈಬ್ರರಿ ಇದೆ, ಅದು ಮಾರ್ಕ್‌ಗಳನ್ನು ಪದದ ಭಾಗವಾಗಿ ಎಣಿಸುತ್ತದೆ. ಆದರೆ ಯೂಲಾಂಚರ್ 5 ಪ್ಲಗಿನ್‌ಗೆ ಬೇಕಾದ ಲೈಬ್ರರಿಗಳನ್ನು ತಾನಾಗಿ ಇನ್‌ಸ್ಟಾಲ್ ಮಾಡುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಆ ತಲೆನೋವು ಬೇಡ.

ಈಗ ಆಳಂದ. ಎರಡೂ ಪದದ ಒಂದೊಂದು ಅಕ್ಷರಕ್ಕೆ ಆರ್ಡ್ ಫಂಕ್ಷನ್ ಹಾಕಿ ಅದರ ಯೂನಿಕೋಡ್ ಸಂಖ್ಯೆ (ಕೋಡ್‌ಪಾಯಿಂಟ್) ಪ್ರಿಂಟ್ ಮಾಡಿ ನೋಡಿ. ಕೈಯಿಂದ ಹೊಡೆದದ್ದರಲ್ಲಿ ಮೂರನೆಯದು 3202 ಬರಬೇಕು, ಅದು ಅನುಸ್ವಾರ. ಕಾಪಿ ಮಾಡಿದ್ದರಲ್ಲಿ 3302 ಬಂದರೆ ಅದು ಕನ್ನಡದ ಅಂಕಿ ಸೊನ್ನೆ: 'ಆಳ೦ದ'. ಸೊನ್ನೆ ಅಂಕಿಯಾದ್ದರಿಂದ ಡಬ್ಲ್ಯೂ ಅದನ್ನು ಒಪ್ಪಿಕೊಂಡಿತು. ಅಂದರೆ ಪೂರ್ತಿ ಬಂದದ್ದೇ ತಪ್ಪು ಟೈಪಾದದ್ದು! ಹಳೆಯ ಕನ್ನಡ ಪಟ್ಟಿಗಳಲ್ಲಿ ಇದು ಎಲ್ಲೆಲ್ಲೂ ಸಿಗುತ್ತದೆ.

ಹಾಗಾಗಿ ರೆಜೆಕ್ಸ್ ಸರಿ ಮಾಡಿದರಷ್ಟೇ ಸಾಲದು. ಪ್ರತಿ ಟ್ಯಾಗ್‌ಗೂ ಎರಡು ರೂಪ ಇಡಿ: ಬಳಕೆದಾರ ಬರೆದ ಹಾಗೆ ತೋರಿಸುವ ಹೆಸರು ಒಂದು, ಹೋಲಿಸಿ ನೋಡುವ ಕೀ ಒಂದು. ಕೀ ತಯಾರಿಸುವ ಫಂಕ್ಷನ್ ಈ ಕ್ರಮದಲ್ಲೇ ಇರಲಿ, ಕ್ರಮ ಬದಲಾದರೆ ಕೆಡುತ್ತದೆ.

ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರಹವನ್ನು ಒಂದೇ ರೂಪಕ್ಕೆ ತರುವುದು. 'ತೊ' ಅನ್ನು ಒಂದೇ ಚಿಹ್ನೆಯಾಗಿ (3274) ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬು ಸೇರಿಸಿಯೂ (3270, 3266) ಬರೆಯಬಹುದು. ಪರದೆಯ ಮೇಲೆ ಒಂದೇ. ಆದರೆ 'ತೊಗರಿ' ಮೊದಲನೆಯದರಲ್ಲಿ 5 ಕೋಡ್‌ಪಾಯಿಂಟ್, ಎರಡನೆಯದರಲ್ಲಿ 6. ಎನ್‌ಎಫ್‌ಸಿ ಎರಡನ್ನೂ 5ಕ್ಕೆ ತರುತ್ತದೆ. ಆಮೇಲೆ ಕಾಣದ ಜೋಡಕಗಳು 8204 ಮತ್ತು 8205 ಎರಡನ್ನೂ ತೆಗೆದುಹಾಕಿ. 'ಬೀದರ್' ಕೊನೆಗೆ 8204 ಅಂಟಿಕೊಂಡಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ, ಹೋಲಿಕೆ ಮಾತ್ರ ತಪ್ಪುತ್ತದೆ. ಮೂರನೆಯದು ಸೊನ್ನೆ: 3302ರ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು 3202 ಮಾಡಿ. ಹಿಂದಿರುವುದು ಅಂಕಿ ಅಥವಾ ಹಲಂತ (3277) ಆದರೆ ಮುಟ್ಟಬೇಡಿ, 'ವಾರ್ಡ್೦೫' ಅಂತ ಬರೆಯುವವರಿದ್ದಾರೆ. ಇದು ಮುಗಿದ ಮೇಲೆಯೇ ಉಳಿದ ಕನ್ನಡ ಅಂಕಿಗಳನ್ನು 0–9 ಮಾಡಿ. ಮೊದಲೇ ಮಾಡಿದರೆ 'ಆಳ0ದ' ಆಗಿ ಕೂರುತ್ತದೆ, ಆಮೇಲೆ ಹಿಡಿಯುವುದು ಕಷ್ಟ. ಕೊನೆಗೆ ಇಂಗ್ಲಿಷ್ ಟ್ಯಾಗ್‌ಗಾಗಿ ಕೇಸ್‌ಫೋಲ್ಡ್ (ದೊಡ್ಡಕ್ಷರ ಸಣ್ಣಕ್ಷರ ಒಂದು ಮಾಡುವುದು).

'ಭಾಗ೦೧' ಅಂತ ಬರೆದರೆ ಇದು 'ಭಾಗಂ1' ಮಾಡಿಬಿಡುತ್ತದಲ್ಲ ಅಂತ ಕೇಳಬಹುದು. ಮಾಡುತ್ತದೆ. ಆದರೆ ಉಳಿಸುವಾಗಲೂ ಹುಡುಕುವಾಗಲೂ ಅದೇ ಫಂಕ್ಷನ್ ಓಡುವುದರಿಂದ ಎರಡೂ ಕಡೆ ಒಂದೇ ರೀತಿ ತಪ್ಪುತ್ತದೆ, ಹೋಲಿಕೆ ಕೆಡುವುದಿಲ್ಲ. ಕೀಯನ್ನು ಯಾರಿಗೂ ತೋರಿಸುವುದಿಲ್ಲವಲ್ಲ.

ಟಿಜಿ ಮತ್ತು ಸ್ಪೇಸ್ ಮಾತ್ರ ಕೊಟ್ಟಾಗ ಗೆಟ್ ಆರ್ಗ್ಯುಮೆಂಟ್ ಫಂಕ್ಷನ್ ಖಾಲಿ ಸ್ಟ್ರಿಂಗ್ ಕೊಡುವುದಿಲ್ಲ, 'ನನ್' (ಪೈಥಾನ್‌ನಲ್ಲಿ 'ಏನೂ ಇಲ್ಲ') ಕೊಡುತ್ತದೆ. ಅದನ್ನೇ ರೆಜೆಕ್ಸ್‌ಗೆ ಕೊಟ್ಟರೆ ಎರರ್ ಬಂದು ಪಟ್ಟಿ ಬರುವುದಿಲ್ಲ. ನನ್ ಬಂದಾಗ ಖಾಲಿ ಸ್ಟ್ರಿಂಗ್ ಅಂತ ಹಿಡಿದು, ಹೆಚ್ಚು ಬಳಸುವ ಟ್ಯಾಗ್‌ಗಳ ಪಟ್ಟಿ ತೋರಿಸಿ. ಎರರ್ ಕಣ್ಣಾರೆ ನೋಡಲು, ಓಡುತ್ತಿರುವ ಯೂಲಾಂಚರ್ ಮುಚ್ಚಿ, ಟರ್ಮಿನಲ್‌ನಲ್ಲಿ ನೋ-ಎಕ್ಸ್‌ಟೆನ್ಶನ್ಸ್, ಡೆವ್, ವಿ ಮೂರೂ ಆಯ್ಕೆ ಕೊಟ್ಟು ಓಡಿಸಿ. ನಿಮ್ಮ ಪ್ಲಗಿನ್ ಒಂದನ್ನೇ ಓಡಿಸುವ ಪೂರ್ತಿ ಕಮಾಂಡ್ ಲಾಗ್‌ನಲ್ಲಿ ಬರುತ್ತದೆ. ಅದನ್ನು ಇನ್ನೊಂದು ಟರ್ಮಿನಲ್‌ಗೆ ಅಂಟಿಸಿದರೆ ಪ್ರತಿ ಸಲ ಲಾಂಚರ್ ಮುಚ್ಚಿ ತೆರೆಯುವ ಕೆಲಸ ತಪ್ಪುತ್ತದೆ.

ಭೀಮಾದಂಡೆ, ಯಾದಗಿರಿ

ಬೀದರ್ ಅಣ್ಣಾರು ರೆಜೆಕ್ಸ್ ಬಿಡಿಸಿ ಹೇಳ್ಯಾರ. ಬೇಳೆ-ಬಾಳೆ ಕತಿನೂ ಅದೇ ರೋಗ, ಜಾಗ ಬ್ಯಾರೆ. ಎಫ್‌ಟಿಎಸ್5ರ ರೂಢಿ ಟೋಕನೈಜರ್ (ಬರಹನ್ನ ಪದಪದ ಒಡೆಯೋದು) ಯೂನಿಕೋಡ್61 ಸ್ವರಚಿಹ್ನೆಯನ್ನ ಪದ ಒಡೆಯೋ ಗುರುತು ಅಂತ ತಿಳೀತದ. 'ಬೇಳೆ' ಒಡೆದ್ರ 'ಬ', 'ಳ'. 'ಬಾಳೆ' ಒಡೆದ್ರನೂ 'ಬ', 'ಳ'. 'ಬೋಳು', 'ಬೀಳು' ಎಲ್ಲಾ ಅದೇ. ಚಿಹ್ನೆ ಎಲ್ಲಾ ಕಳಕೊಂಡು ಬರೇ ವ್ಯಂಜನ ಹೋಲಿಸ್ತದ. ಟೇಬಲ್ ಮಾಡುವಾಗ ಟೋಕನೈಜರಿಗೆ ಕ್ಯಾಟಗರೀಸ್ ಅಂತ ಆಯ್ಕೆ ಅದ. ರೂಢಿಯಲ್ಲಿರೋ ಅಕ್ಷರ, ಅಂಕಿ ವರ್ಗದ ಜೋಡಿ ಎಂಎನ್, ಎಂಸಿ ಎರಡೂ ಮಾರ್ಕ್ ವರ್ಗ ಸೇರಿಸಿದ್ರ ಸರಿ ಆಗ್ತದ.

ಆದ್ರ ನನ್ನ ಕೇಳಿದ್ರ ಟ್ಯಾಗಿಗೆ ಎಫ್‌ಟಿಎಸ್ ಬ್ಯಾಡೇ ಬ್ಯಾಡ. 14 ಸಾವಿರ ಫೈಲಿಗೆ ಮೂರು ಸಾದಾ ಟೇಬಲ್ ಸಾಕು: ಫೈಲ್, ಟ್ಯಾಗ್ (ಹೆಸರು ಒಂದು ಕಾಲಂ, ಕೀ ಇನ್ನೊಂದು, ಕೀ ಮ್ಯಾಲ ಯೂನೀಕ್), ನಡುವ ಎರಡನ್ನೂ ಕೂಡಿಸೋ ಟೇಬಲ್. ಅರ್ಧ ಟೈಪ್ ಮಾಡಿದಾಗ ಟ್ಯಾಗ್ ತೋರಿಸಲಿಕ್ಕ ಲೈಕ್ ಬದಲಿ ಗ್ಲಾಬ್ ಬಳಸ್ರಿ, 'ತೊಗ*' ಹಿಂಗ. ರೂಢಿಯ ಲೈಕ್ ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂತ ನೋಡ್ತದ, ಅದಕ್ಕ ಸಾದಾ ಇಂಡೆಕ್ಸ್ ಅದಕ್ಕ ಉಪಯೋಗ ಬೀಳಂಗಿಲ್ಲ. ಗ್ಲಾಬಿಗೆ ಬೀಳ್ತದ. ಎರಡು ಟ್ಯಾಗೂ ಇರೋ ಫೈಲ್ ಬೇಕಂದ್ರ ಎರಡರಲ್ಲಿ ಯಾವುದಾದ್ರೂ ಇರೋದನ್ನ ತೆಗೆದು, ಫೈಲ್‌ವಾರು ಗುಂಪು ಮಾಡಿ, ಎಣಿಕೆ 2 ಬಂದದ್ದಷ್ಟೇ ಇಟ್ಕೋರಿ. ಇನ್ನೊಂದು, ಫಾರಿನ್ ಕೀ ತಪಾಸಣೆ (ಟೇಬಲ್ ನಡುವಿನ ಕೊಂಡಿ ನೋಡೋದು) ಎಸ್‌ಕ್ಯೂಲೈಟಿನ್ಯಾಗ ರೂಢಿಗೆ ಬಂದ್ ಇರ್ತದ. ಪ್ರತಿ ಕನೆಕ್ಷನ್ ತೆಗೆದ ಕೂಡ್ಲೆ ಪ್ರಾಗ್ಮಾ ಕಮಾಂಡ್ ಕೊಟ್ಟು ಆನ್ ಮಾಡ್ರಿ. ಇಲ್ಲಾಂದ್ರ ಫೈಲ್ ಅಳಿಸಿದ ಮ್ಯಾಲೂ ಅದರ ಟ್ಯಾಗ್ ಸಾಲು ಹಂಗೇ ಉಳೀತಾವ.

ಈಗ ದೊಡ್ಡ ಪ್ರಶ್ನೆ, ಟ್ಯಾಗ್ ಎಲ್ಲಿಡೋದು. ದಾರಿ ಹೆಸರಿಗೆ ಕಟ್ಟಬ್ಯಾಡ್ರಿ, ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟಿನ್ಯಾಗ (ಫೈಲಿನ ಜೋಡಿ ಡಿಸ್ಕಿನ್ಯಾಗ ಇರೋ ಹೆಚ್ಚಿನ ಮಾಹಿತಿ) ಬರೀರಿ. ಹೆಸರು ಯೂಸರ್ ಡಾಟ್ ಎಕ್ಸ್‌ಡಿಜಿ ಡಾಟ್ ಟ್ಯಾಗ್ಸ್, ಒಳಗ ಅಲ್ಪವಿರಾಮ ಹಾಕಿದ ಯೂಟಿಎಫ್-8 ಪಟ್ಟಿ. ಟ್ಯಾಗಿನೊಳಗ ಅಲ್ಪವಿರಾಮ ಬರಬಾರದು ಅಂದದ್ದು ಇದಕ್ಕೇ. ಕೆಡಿಇಯ ಡಾಲ್ಫಿನ್ ಫೈಲ್ ಮ್ಯಾನೇಜರ್ ಇದನ್ನೇ ಓದ್ತದ, ನಾಳೆ ಲಾಂಚರ್ ಬಿಟ್ರೂ ಟ್ಯಾಗ್ ಉಳೀತಾವ. ಪೈಥಾನಿನ ಓಎಸ್ ಮಾಡ್ಯೂಲಿನ್ಯಾಗೇ ಗೆಟ್‌ಎಕ್ಸ್‌ಆಟ್ರ್, ಸೆಟ್‌ಎಕ್ಸ್‌ಆಟ್ರ್ ಅವ. ಎಸ್‌ಕ್ಯೂಲೈಟ್ ಬರೇ ನಕಲು, ಅದು ಅಳಿಸಿಹೋದ್ರ ಫೋಲ್ಡರ್ ಓದಿ ಮತ್ತ ಕಟ್ಟಲಿಕ್ಕ ಬರ್ತದ.

ಎರರ್ ಸಂಖ್ಯೆ ನೋಡಿ ನಡೀರಿ, ಎಲ್ಲಾ ಒಂದೇ ಅಂತ ನುಂಗಬ್ಯಾಡ್ರಿ. 61 ಅಂದ್ರ ಟ್ಯಾಗ್ ಇನ್ನೂ ಹಾಕಿಲ್ಲ, ಸುಮ್ಮನಿರ್ರಿ. 95 ಅಂದ್ರ ಆ ಡಿಸ್ಕಿಗೆ ಆಟ್ರಿಬ್ಯೂಟೇ ಗೊತ್ತಿಲ್ಲ, ಫ್ಯಾಟ್32 ಪೆನ್‌ಡ್ರೈವ್ ಇರ್ತದ. 13 ಅಂದ್ರ ಫೈಲ್ ಬರೀಲಿಕ್ಕ ಅನುಮತಿ ಇಲ್ಲ. ಓದಲಿಕ್ಕಷ್ಟೇ ಅಂತ ಲಾಕ್ ಮಾಡಿದ ಸ್ಕ್ಯಾನಿಗೆ ಟ್ಯಾಗೂ ಹಾಕಲಿಕ್ಕ ಬರಂಗಿಲ್ಲ. 28 ಅಂದ್ರ ಜಾಗ ತುಂಬ್ಯದ. ಇಎಕ್ಸ್‌ಟಿ4ರಾಗ ಒಂದು ಫೈಲಿನ ಆಟ್ರಿಬ್ಯೂಟ್ ಎಲ್ಲಾ ಕೂಡಿ ಸಾಮಾನ್ಯವಾಗಿ ಒಂದು ಬ್ಲಾಕಿನ್ಯಾಗ, ಅಂದ್ರ 4096 ಬೈಟಿನ ಸುಮಾರಿನ್ಯಾಗ ಕೂಡಬೇಕು. ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ 3 ಬೈಟ್, 'ಕಲಬುರಗಿ'ಗೆ 21. ಒಂದು ಫೈಲಿಗೆ 40 ಟ್ಯಾಗ್ ಹಾಕಿದ್ರೂ ಸಾವಿರದ ಆಚೀಚೆ, ಚಿಂತಿ ಇಲ್ಲ. ಟ್ಯಾಗಿನ ಬದಲಿ ಟಿಪ್ಪಣಿ ಬರೀಲಿಕ್ಕ ನಿಂತ್ರ ಮಾತ್ರ ತುಂಬ್ತದ.

ಬಹಳ ಮಂದಿ ಎಡವೋದು ಇಲ್ಲಿ: ಯಾವ ಫೈಲಿನ ಟ್ಯಾಗ್ ಬದಲಾಗ್ಯದ ಅಂತ ತಿಳೀಲಿಕ್ಕ ಎಂಟೈಮ್ (ಒಳಗಿನ ಬರಹ ಬದಲಾದ ಹೊತ್ತು) ನೋಡ್ತಾರ. ಆಟ್ರಿಬ್ಯೂಟ್ ಬದಲಾದ್ರ ಎಂಟೈಮ್ ಬದಲಾಗಂಗಿಲ್ಲ, ಸಿಟೈಮ್ (ಫೈಲಿನ ಮಾಹಿತಿ ಬದಲಾದ ಹೊತ್ತು) ಬದಲಾಗ್ತದ. ನಿಮ್ಮ ಇಂಡೆಕ್ಸರ್ (ಫೈಲ್ ಓದಿ ನಕಲು ಕಟ್ಟೋದು) ಸಿಟೈಮನ್ನೇ ಹೋಲಿಸಬೇಕು. ಐನೋಟಿಫೈ (ಫೈಲ್ ಬದಲಾದ್ರ ತಿಳಿಸೋ ಲಿನಕ್ಸ್ ಸೌಲಭ್ಯ) ಹಾಕ್ತಿದ್ರ ಆಟ್ರಿಬ್ ಅನ್ನೋ ಘಟನೆನೂ ಕೇಳ್ರಿ. ಅದು ಒಳಫೋಲ್ಡರಿಗೆ ತಾನಾಗಿ ಇಳಿಯಂಗಿಲ್ಲ, ಒಂದೊಂದು ಫೋಲ್ಡರಿಗೆ ಒಂದೊಂದು ವಾಚ್ ಬೇಕು.

ಕಾಪಿ, ಬ್ಯಾಕಪ್ ವಿಷಯ. ಅದೇ ಡಿಸ್ಕಿನ್ಯಾಗ ಸರಿಸಿದ್ರ, ಹೆಸರು ಬದಲಿ ಮಾಡಿದ್ರ ಟ್ಯಾಗ್ ಉಳೀತಾವ, ನಿಮ್ಮ ಫೋಲ್ಡರ್ ತಕರಾರು ಇಲ್ಲಿಗೆ ಮುಗೀತು. ಸಾದಾ ಸಿಪಿ ಕಮಾಂಡಿನಿಂದ ಕಾಪಿ ಮಾಡಿದ್ರ ಹೋಗ್ತಾವ, ಮೈನಸ್ ಎ ಕೊಟ್ರ ಬರ್ತಾವ. ಆರ್‌ಸಿಂಕಿಗೆ ಮೈನಸ್ ಎ ಸಾಲಂಗಿಲ್ಲ, ದೊಡ್ಡ ಎಕ್ಸ್ ಸೇರಿಸಬೇಕು. ವಾಟ್ಸ್ಯಾಪಿನ್ಯಾಗ ಕಳಿಸಿದ್ರ ಫೈಲಿನ ಜೋಡಿ ಟ್ಯಾಗ್ ಆ ಕಡೆ ಮುಟ್ಟಂಗಿಲ್ಲ, ಅದು ಒಳ್ಳೇದೇ. 'ಉದ್ರಿ' ಅಂತ ಟ್ಯಾಗ್ ಹಾಕಿದ್ದು ಗಿರಾಕಿಗೆ ಕಾಣಬಾರದಲ್ಲ.

ಶಹಾಬಾದ್_ಕಲ್ಲು, ಕಲಬುರಗಿ

ಆರ್ಡ್ ಹಾಕಿ ನೋಡ್ದೆ. 3302 ಖರೇನೇ ಅದರ್ರಿ! ಕೀ ಫಂಕ್ಷನ್ ಬರೆದ ಮ್ಯಾಲ ಎರಡೂ ಆಳಂದ ಒಂದಾದವು. ಆಟ್ರಿಬ್ಯೂಟಿಗೂ ಬದಲಿ ಮಾಡೀನಿ. ಈಗ ಮೂರು ಉಳಿದಾವ.

ಕೆಲವು ಫೈಲ್ ತೆರೆದು ತಿದ್ದಿ ಸೇವ್ ಮಾಡಿದ್ರ ಟ್ಯಾಗ್ ಮಾಯ. ಎಲ್ಲಾ ಪ್ರೋಗ್ರಾಮಿನ್ಯಾಗ ಅಲ್ಲ, ಕೆಲವದರಾಗ.

ಹಳೇ ಫೈಲಿಗೆ 'ಗುಲಬರ್ಗಾ', ಹೊಸದಕ್ಕ 'ಕಲಬುರಗಿ', 'ಸುರಪುರ' ಮತ್ತ 'ಶೋರಾಪುರ', 'ಬೀದರ' ಮತ್ತ 'ಬೀದರ್'. ಇದನ್ನ ಕೀ ಒಂದು ಮಾಡಂಗಿಲ್ಲ.

ಮೂರನೇದು, ಕನ್ನಡದಾಗ ಟೈಪ್ ಮಾಡುವಾಗ ಪಟ್ಟಿ ಒಂದು ಅಕ್ಷರ ಹಿಂದೇ ಇರ್ತದ. ಐಬಸ್, ಐಟ್ರಾನ್ಸ್ (ಇಂಗ್ಲಿಷ್ ಕೀ ಹೊಡೆದು ಕನ್ನಡ ಮೂಡಿಸೋದು) ಬಳಸ್ತೀನಿ. 'ತೊಗರಿ' ಪೂರ್ತಿ ಹೊಡೆದ್ರೂ 'ತೊಗ'ದ್ದೇ ಪಟ್ಟಿ ಕಾಣ್ತದ. ಡಿಬೌನ್ಸ್ (ಟೈಪ್ ಆದ ಮ್ಯಾಲ ಹುಡುಕೋ ಮೊದಲು ಕಾಯೋ ಹೊತ್ತು) ಕಡಿಮಿ ಮಾಡಿ ನೋಡ್ದೆ, ಫರಕ್ ಇಲ್ಲ.

ಭೀಮಾದಂಡೆ, ಯಾದಗಿರಿ

ಸೇವ್ ಮಾಡಿದ್ರ ಹೋಗೋದು: ಆ ಪ್ರೋಗ್ರಾಮ್ ಹಳೇ ಫೈಲಿನ ಮ್ಯಾಲ ಬರೆಯಂಗಿಲ್ಲ. ಬಾಜೂಕ ಹೊಸ ಫೈಲ್ ಬರೆದು, ಅದಕ್ಕ ಹಳೇ ಹೆಸರು ಇಡ್ತದ. ಕರೆಂಟ್ ಹೋದ್ರೂ ಫೈಲ್ ಕೆಡಬಾರದು ಅಂತ ಹಂಗ ಮಾಡ್ತಾರ, ಅದು ತಪ್ಪಲ್ಲ. ಆದ್ರ ಐನೋಡ್ (ಡಿಸ್ಕಿನ್ಯಾಗ ಫೈಲಿನ ಗುರುತು ಸಂಖ್ಯೆ) ಹೊಸದು, ಆಟ್ರಿಬ್ಯೂಟ್ ಖಾಲಿ. ನಿಮ್ಮ ಎಸ್‌ಕ್ಯೂಲೈಟ್ ನಕಲಿನ್ಯಾಗ ದಾರಿ ಜೋಡಿ ಐನೋಡ್ ಸಂಖ್ಯೆನೂ ಇಟ್ಕೋರಿ. ದಾರಿ ಅದೇ, ಐನೋಡ್ ಬದಲಾಗ್ಯದ, ಆಟ್ರಿಬ್ಯೂಟ್ ಇಲ್ಲ ಅಂದ್ರ ಸೇವ್ ಮಾಡುವಾಗ ಕಳದಾವ, ನಕಲಿನಿಂದ ತಿರುಗಿ ಬರೀರಿ. ಐನೋಡೂ ಅದೇ ಇದ್ದು ಆಟ್ರಿಬ್ಯೂಟ್ ಇಲ್ಲಂದ್ರ ಯಾರೋ ಬೇಕಂತಲೇ ತೆಗೆದಾರ, ನಕಲಿನ್ಯಾಗೂ ಅಳಿಸ್ರಿ. ಈ ಎರಡರ ನಡುವಿನ ಫರಕ್ ನೋಡದೆ ಕುರುಡಾಗಿ ತಿರುಗಿ ಬರೆದ್ರ, ಡಾಲ್ಫಿನಿನ್ಯಾಗ ಅಳಿಸಿದ ಟ್ಯಾಗ್ ಭೂತದಂಗ ಮತ್ತ ಎದ್ದು ಬರ್ತಾವ.

14 ಸಾವಿರ ಫೈಲ್ ಓದೋ ಕೆಲಸ ಟೈಪ್ ಮಾಡುವಾಗ ಇಟ್ಕೋಬ್ಯಾಡ್ರಿ, ಹಿಂದ ಒಂದು ಥ್ರೆಡ್ಡಿನ್ಯಾಗ ಓಡ್ಲಿ. ಆ ಥ್ರೆಡ್ ತನ್ನದೇ ಕನೆಕ್ಷನ್ ತಕ್ಕೋಬೇಕು. ಒಂದು ಥ್ರೆಡ್ ತೆಗೆದ ಕನೆಕ್ಷನ್ ಇನ್ನೊಂದು ಮುಟ್ಟಿದ್ರ ಪೈಥಾನ್ ಎರರ್ ಕೊಡ್ತದ. ಡೇಟಾಬೇಸಿಗೆ ವಾಲ್ ಮೋಡ್ ಹಾಕಿದ್ರ ಆ ಥ್ರೆಡ್ ಬರೀತಿರುವಾಗ ಹುಡುಕೋ ಭಾಗ ಓದಲಿಕ್ಕ ಅಡ್ಡಿ ಇಲ್ಲ.

ಬಿದ್ರಿಕೆಲಸ, ಬೀದರ್

ಊರಿನ ಹೆಸರಿಗೆ ಯೂನಿಕೋಡ್ ಏನೂ ಮಾಡಲಾರದು, ಅದು ಬರಹದ ಸಮಸ್ಯೆ ಅಲ್ಲ, ಬಳಕೆಯ ಸಮಸ್ಯೆ. 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲಿ ಕಲಬುರಗಿ; ಅದಕ್ಕೂ ಹಿಂದಿನ ದಾಖಲೆಯಲ್ಲಿ ಸಾಮಾನ್ಯವಾಗಿ ಗುಲಬರ್ಗಾ ಎಂದೇ ಇರುತ್ತದೆ. ಎರಡು ಕಾಲಂನ ಅಡ್ಡಹೆಸರು ಟೇಬಲ್ ಸಾಕು: ಅಡ್ಡಹೆಸರಿನ ಕೀ, ಅದು ಸೇರುವ ಟ್ಯಾಗ್. ಹುಡುಕುವಾಗ ಮೊದಲು ಅಲ್ಲಿ ನೋಡಿ, ಸಿಕ್ಕರೆ ಬದಲಿಸಿ. ಫೈಲ್ ಮೇಲಿನ ಟ್ಯಾಗ್ ಬದಲಿಸಲು ಹೋಗಬೇಡಿ. 'ಗುಲಬರ್ಗಾ' ಎಂದೇ ಬರೆದದ್ದು ಹಳೆಯ ದಾಖಲೆ ಅನ್ನುವ ಗುರುತೂ ಆಗಿರುತ್ತದೆ.

ಕೊನೆಯ ಹಲಂತವನ್ನು ಕೀಯಲ್ಲೇ ಕಿತ್ತುಹಾಕಿದರೆ ಬೀದರ, ಬೀದರ್ ಒಂದಾಗುತ್ತವೆ ಅಂತ ಆಸೆಯಾಗಬಹುದು. ಬೇಡ. 'ಬಿಲ್' ಮತ್ತು 'ಬಿಲ' ಕೂಡ ಒಂದಾಗಿ ಕೂರುತ್ತವೆ. ಅಡ್ಡಹೆಸರಿನಲ್ಲೇ ಹಾಕಿ.

ಒಂದು ಅಕ್ಷರ ಹಿಂದೆ ಬೀಳುವುದಕ್ಕೆ ನಿಮ್ಮ ಪ್ಲಗಿನ್ ಕಾರಣ ಅಲ್ಲ. ಐಟ್ರಾನ್ಸ್‌ನಲ್ಲಿ ಕೊನೆಯ ಅಕ್ಷರ ಇನ್ನೂ ಕಟ್ಟುತ್ತಾ ಇರುತ್ತದೆ: 'ರಿ' ಮುಂದೆ ಇನ್ನೊಂದು ಕೀ ಬಂದರೆ 'ರೀ' ಆಗಬಹುದು. ಅದಕ್ಕೆ ಐಬಸ್ ಅದನ್ನು ಅಡಿಗೆರೆ ಹಾಕಿ ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ, ಪೆಟ್ಟಿಗೆಗೆ ಇನ್ನೂ ಒಪ್ಪಿಸಿರುವುದಿಲ್ಲ. ಒಪ್ಪಿಸದೆ ಲಾಂಚರ್‌ಗೆ ಬದಲಾವಣೆ ಗೊತ್ತಾಗುವುದಿಲ್ಲ, ಡಿಬೌನ್ಸ್ ಎಷ್ಟಿಟ್ಟರೂ ಅಷ್ಟೇ. ಅದನ್ನು ರೂಢಿಯ 0.05 ಸೆಕೆಂಡಿಗೇ ಬಿಡಿ. ದಾರಿ ಎರಡು. ಹುಡುಕುವಾಗ ಕೊನೆಗೆ ಒಂದು ಸ್ಪೇಸ್ ಹೊಡೆದರೆ ಅಕ್ಷರ ಒಪ್ಪಿತವಾಗುತ್ತದೆ, ನಿಮ್ಮ ರೆಜೆಕ್ಸ್ ಆ ಸ್ಪೇಸನ್ನು ಬಿಟ್ಟುಬಿಡುತ್ತದೆ. ಇಲ್ಲವೇ ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಕೆಬಿಯ ಕನ್ನಡ ವಿನ್ಯಾಸ ಹಾಕಿಕೊಳ್ಳಿ, ಕಗಪ ಕೂಡ ಅದರಲ್ಲಿದೆ. ಅಲ್ಲಿ ಒತ್ತಿದ ಕೀ ನೇರ ಪೆಟ್ಟಿಗೆಗೇ ಬೀಳುತ್ತದೆ.

ಇದರ ಜೊತೆಗೇ ಇನ್ನೊಂದು ಮಾಡಿ. ಕನ್ನಡ ಕೀಲಿಮಣೆ ಆನ್ ಇದ್ದಾಗ ಲಾಂಚರ್ ತೆರೆದರೆ ಇಂಗ್ಲಿಷಿನ ಟಿಜಿ ಹೊಡೆಯಲು ಮತ್ತೆ ಭಾಷೆ ಬದಲಿಸಬೇಕು. ಮ್ಯಾನಿಫೆಸ್ಟ್ ಫೈಲ್‌ನ ಪ್ರಿಫರೆನ್ಸಸ್‌ನಲ್ಲಿ ಕೀವರ್ಡ್ ನಮೂನೆಯ ಎರಡನೇ ನಮೂದು ಸೇರಿಸಿ, ಅದರ ಮೌಲ್ಯ 'ಟ' ಅಂತ ಕೊಡಿ. ಎರಡೂ ಒಂದೇ ಲಿಸನರ್‌ಗೆ ಬರುತ್ತವೆ. ಪಟ್ಟಿಯನ್ನು 9ಕ್ಕೆ ನಿಲ್ಲಿಸಿ, ಆಲ್ಟ್ ಜೊತೆ 1ರಿಂದ 9 ಒತ್ತಿ ನೇರ ತೆರೆಯಬಹುದು. ಆಲ್ಟ್ ಎಂಟರ್‌ಗೆ ಟ್ಯಾಗ್ ತೆಗೆಯುವ ಕೆಲಸ ಕೊಡುವುದಾದರೆ ಕಸ್ಟಮ್ ಆಕ್ಷನ್‌ಗೆ ದಾರಿ ಮತ್ತು ಟ್ಯಾಗ್ ಹೆಸರಷ್ಟೇ ಕಳಿಸಿ. ಆ ಡೇಟಾ ಪಿಕಲ್ ಆಗಬೇಕು (ಕಳಿಸಲು ಬೈಟ್‌ಗಳಾಗಿ ಬದಲಾಗಬೇಕು), ಡೇಟಾಬೇಸ್ ಕನೆಕ್ಷನ್ ಅದರಲ್ಲಿ ತುರುಕಿದರೆ ಅಲ್ಲೇ ಬೀಳುತ್ತದೆ.

ಶಹಾಬಾದ್_ಕಲ್ಲು, ಕಲಬುರಗಿ

'ಟ' ನಡೀತ್ರಿ. ಸ್ಪೇಸ್ ಹೊಡೆದ್ರ ಪಟ್ಟಿನೂ ಸರಿ ಬರ್ಲಾಕತ್ತದ. ಐನೋಡ್ ಕಾಲಂ ಸೇರಿಸಿ ಇಂಡೆಕ್ಸರ್ ಮತ್ತ ಓಡಿಸೀನಿ, ಸ್ಕ್ಯಾನ್ ಫೋಲ್ಡರಿನ್ಯಾಗ ಬರೇ 13 ನಂಬರ್ ಎರರ್ ಬರ್ಲಾಕತ್ತಾವ. ಲಾಕ್ ಮಾಡಿದ ಪಹಣಿ ಎಲ್ಲಾ ಅಲ್ಲೇ ಅವ.

ಭೀಮಾದಂಡೆ, ಯಾದಗಿರಿ

ಅವು ನಿಮ್ಮವೇ ಫೈಲ್ ಇದ್ರ ಬರೆಯೋ ಅನುಮತಿ ಒಂದು ಕ್ಷಣ ಕೊಟ್ಟು, ಆಟ್ರಿಬ್ಯೂಟ್ ಬರೆದು, ಹಳೇ ಅನುಮತಿ ತಿರುಗಿ ಹಾಕ್ರಿ. ತಿರುಗಿ ಹಾಕೋದು ಪೈಥಾನಿನ ಫೈನಲಿ ಬ್ಲಾಕಿನೊಳಗ ಇರ್ಲಿ, ನಡುವ ಎರರ್ ಬಂದ್ರ ಪಹಣಿ ಲಾಕ್ ಇಲ್ಲದ ಉಳೀಬಾರದು. ಬ್ಯಾರೆ ಯೂಸರಿನ ಫೈಲ್ ಇದ್ರ ಇದು ನಡೆಯಂಗಿಲ್ಲ, ಅಂಥವನ್ನ ಪಟ್ಟಿ ಮಾಡಿ ಲಾಗಿನ್ಯಾಗ ತೋರಸ್ರಿ ಅಷ್ಟೇ.